ಲೇಥ್ರಾಪ್‌ನಿಂದ ಪಡ್ರೆಯವರೆಗೆ: ರಾಸಾಯನಿಕಗಳೂ ಗಂಡಸಿನ ಸಂತಾನಶಕ್ತಿಯೂ



ಉಪನ್ಯಾಸ ಕನ್ನಡದಲ್ಲಿರಬೇಕು, ವಿಷಯ ಜನರ ಬದುಕಿಗೆ ತಾಗುವ ವಿಜ್ಞಾನವಾಗಿರಬೇಕು ಎಂಬುದು ಈ ದತ್ತಿಯ ಆಶಯ. ಅದಕ್ಕೆ ಒಪ್ಪುವಂತೆ, ನಮ್ಮ ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದು ವಿಷಯವನ್ನು ಇಂದು ಆರಿಸಿಕೊಂಡಿದ್ದೇನೆ. ತೋಟದಲ್ಲಿ, ಕಾರ್ಖಾನೆಯಲ್ಲಿ, ನೀರಿನಲ್ಲಿ, ಗಾಳಿಯಲ್ಲಿ ಇರುವ ರಾಸಾಯನಿಕಗಳು ಗಂಡಸಿನ ಸಂತಾನಶಕ್ತಿಗೆ ಏನು ಮಾಡುತ್ತವೆ ಎಂಬುದು ಆ ವಿಷಯ. ಕ್ಯಾನ್ಸರ್ ಬಗ್ಗೆ ಮಾತಾಡಲು ನಾವು ಕಲಿತಿದ್ದೇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೂ ಮದುವೆ ಮನೆಯ ಮಾತಾಗಿವೆ. ಇದೊಂದು ಮಾತ್ರ ಇನ್ನೂ ಬಾಗಿಲು ಹಾಕಿಕೊಂಡೇ ಕೂತಿದೆ. ಆ ಬಾಗಿಲು ಮುಚ್ಚಿರುವುದರಿಂದ ಆದ ಹಾನಿ ಎಷ್ಟು ಎಂಬುದನ್ನು ಎರಡು ಊರುಗಳ ಕಥೆಯ ಮೂಲಕ ಹೇಳುತ್ತೇನೆ. ಒಂದು ಅಮೆರಿಕದ್ದು, ಇನ್ನೊಂದು ನಮ್ಮ ಮಗ್ಗುಲಿನ ಕಾಸರಗೋಡಿನದು.

ಕ್ಯಾಲಿಫೋರ್ನಿಯಾದ ನಡುವಿನ ಕಣಿವೆಯಲ್ಲಿ ಲೇಥ್ರಾಪ್ ಎಂಬ ಸಣ್ಣ ಊರಿದೆ. ಅಲ್ಲಿದ್ದ ಆಕ್ಸಿಡೆಂಟಲ್ ಕೆಮಿಕಲ್ ಕಂಪನಿಯ ಕಾರ್ಖಾನೆಯಲ್ಲಿ ಕೀಟನಾಶಕಗಳನ್ನು ಬೆರೆಸಿ ತುಂಬುವ ಒಂದು ವಿಭಾಗವಿತ್ತು. ಅಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಹರೆಯದ, ಗಟ್ಟಿಮುಟ್ಟಾದ ಗಂಡಸರು. ಅವರು ಬೆರೆಸುತ್ತಿದ್ದ ಸರಕುಗಳಲ್ಲಿ ಡಿಬಿಸಿಪಿ ಎಂಬುದೂ ಒಂದು. ಪೂರ್ತಿ ಹೆಸರು ಡೈಬ್ರೋಮೋಕ್ಲೋರೋಪ್ರೊಪೇನ್. ಬೇರನ್ನು ತಿನ್ನುವ ಜಂತುಹುಳುಗಳನ್ನು ಕೊಲ್ಲಲು ಇದನ್ನು ಮಣ್ಣಿಗೆ ಚುಚ್ಚುತ್ತಿದ್ದರು. ದ್ರಾಕ್ಷಿ, ಪೀಚ್, ಅನಾನಸ್, ಬಾಳೆ ಬೆಳೆಯುವವರಿಗೆ ಅಚ್ಚುಮೆಚ್ಚಿನ ಮದ್ದು ಅದು. ಡೌ ಕಂಪನಿ ಫ್ಯೂಮಝೋನ್ ಎಂದೂ ಶೆಲ್ ಕಂಪನಿ ನೆಮಗಾನ್ ಎಂದೂ 1950ರ ದಶಕದಿಂದ ಮಾರುತ್ತಿದ್ದವು.

ಆ ವಿಭಾಗದ ಗಂಡಸರಿಗೆ ಮಕ್ಕಳಾಗುತ್ತಿಲ್ಲ ಎಂಬುದನ್ನು ಮೊದಲು ಗಮನಿಸಿದವರು ವೈದ್ಯರಲ್ಲ, ಕಂಪನಿಯವರಲ್ಲ, ಸರ್ಕಾರವೂ ಅಲ್ಲ. ಕೆಲಸಗಾರರೇ ಗಮನಿಸಿದರು. ಊಟದ ಬಿಡುವಿನಲ್ಲಿ ಮಾತಿಗೆ ಮಾತು ಬಂದು, ನಿನಗೂ ಆಗಲಿಲ್ಲವೇ, ನನಗೂ ಆಗಲಿಲ್ಲ ಎಂದು ಹೇಳಿಕೊಂಡರು. ಅವರ ಹೆಂಡಂದಿರೂ ತಮ್ಮತಮ್ಮಲ್ಲಿ ಇದೇ ಮಾತಾಡಿಕೊಂಡಿದ್ದರು. ಕಡೆಗೆ 1977ರ ಬೇಸಗೆಯಲ್ಲಿ, ಕಾರ್ಮಿಕ ಸಂಘದ ಒತ್ತಾಸೆಯಿಂದ, ಕೆಲವರು ಧೈರ್ಯ ಮಾಡಿ ವೀರ್ಯ ಪರೀಕ್ಷೆಗೆ ಒಪ್ಪಿದರು. ಆ ಧೈರ್ಯವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಊರಿನಲ್ಲಿ ನಾಳೆ ಯಾರು ಏನೆನ್ನುತ್ತಾರೋ ಎಂಬ ಭಯ ಗಂಡಸರಿಗೆ ಎಲ್ಲ ದೇಶದಲ್ಲೂ ಒಂದೇ.

ಡಾ. ಡೊನಾಲ್ಡ್ ವೋರ್ಟನ್ ಮತ್ತು ಸಂಗಡಿಗರು ಪರೀಕ್ಷೆಯ ಫಲಿತಾಂಶವನ್ನು ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರದ 25 ಜನರಲ್ಲಿ 14 ಮಂದಿಯ ವೀರ್ಯದಲ್ಲಿ ವೀರ್ಯಾಣುಗಳು ಒಂದೋ ಇರಲೇ ಇಲ್ಲ, ಇಲ್ಲವೇ ತೀರ ಕಡಿಮೆಯಿದ್ದವು. ಅದಕ್ಕಿಂತ ಕಣ್ಣು ತೆರೆಸುವ ಸಂಗತಿ ಕೆಲಸದ ಅವಧಿಯದು. ಮಿಲಿಲೀಟರಿಗೆ 10 ಲಕ್ಷಕ್ಕಿಂತ ಕಡಿಮೆ ವೀರ್ಯಾಣು ಇದ್ದವರೆಲ್ಲ ಆ ಮದ್ದಿನ ಸಂಪರ್ಕದಲ್ಲಿ ಕನಿಷ್ಠ 3 ವರ್ಷ ಇದ್ದವರು. 4 ಕೋಟಿಗಿಂತ ಹೆಚ್ಚಿದ್ದವರಲ್ಲಿ ಒಬ್ಬರೂ 3 ತಿಂಗಳಿಗಿಂತ ಹೆಚ್ಚು ಕಾಲ ಅದರ ಹತ್ತಿರ ಸುಳಿದಿರಲಿಲ್ಲ. ಮನುಷ್ಯರ ಮೇಲಿನ ಅಧ್ಯಯನದಲ್ಲಿ ಕಾರಣ-ಪರಿಣಾಮ ಇಷ್ಟು ನಿಚ್ಚಳವಾಗಿ ಕಾಣಸಿಗುವುದು ಅಪರೂಪ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಕಲಕಿದ್ದು ಮಾತ್ರ ಬೇರೆಯೇ. 1961ರಲ್ಲೇ, ಅಂದರೆ 16 ವರ್ಷ ಮೊದಲೇ, ಡೌ, ಶೆಲ್ ಎರಡೂ ಕಂಪನಿಗಳಿಗೆ ಸಂಬಂಧಿಸಿದ ವಿಜ್ಞಾನಿಗಳು ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿ, ಫಲಿತಾಂಶವನ್ನು ವಿಷವಿಜ್ಞಾನದ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದರು. ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 5 ಭಾಗದಷ್ಟು ಡಿಬಿಸಿಪಿ ಇದ್ದರೂ ಇಲಿಗಳ ವೃಷಣ ಕುಗ್ಗಿತ್ತು. ಅವರು ಪರೀಕ್ಷಿಸಿದ ಅತ್ಯಂತ ಕಡಿಮೆ ಪ್ರಮಾಣವೇ ಅದು. ಇದಕ್ಕಿಂತ ಕೆಳಗೆ ಎಷ್ಟಿದ್ದರೆ ಏನೂ ಆಗದು ಎಂಬುದನ್ನು ಅವರು ಕಂಡುಹಿಡಿಯಲೇ ಇಲ್ಲ. ಆಮೇಲೆ ಹದಿನಾರು ವರ್ಷ ಆ ಮದ್ದು ಬೆರೆಸುವ ಗಂಡಸರಲ್ಲಿ ಒಬ್ಬನನ್ನಾದರೂ ಕೂರಿಸಿ, ನಿನಗೆ ಮಕ್ಕಳಾಗಿವೆಯೇ ಎಂದು ಯಾರೂ ಕೇಳಲಿಲ್ಲ. ಕೇಳಲು ಯಂತ್ರ ಬೇಕಿರಲಿಲ್ಲ, ಹಣ ಬೇಕಿರಲಿಲ್ಲ.

ಸುದ್ದಿ ಹೊರಬಿದ್ದ ಮೇಲೆ ಅಮೆರಿಕ ಚುರುಕಾಗಿ ನಡೆದುಕೊಂಡಿತು. ಕೆಲಸದ ಜಾಗದ ಗಾಳಿಯಲ್ಲಿ ನೂರು ಕೋಟಿ ಭಾಗಕ್ಕೆ 1 ಭಾಗ ಮಾತ್ರ ಇರಬಹುದು ಎಂಬ ನಿಯಮ 1978ರಲ್ಲಿ ಬಂತು. 1979ರಲ್ಲಿ ಹವಾಯಿಯ ಅನಾನಸ್ ತೋಟಗಳನ್ನು ಬಿಟ್ಟು ಉಳಿದೆಡೆ ಬಳಕೆಯೇ ನಿಂತಿತು. ಇದರ ನಡುವೆ, 1977ರಲ್ಲಿ, ಪೀಚ್ ಬೆಳೆಗಾರರ ರಾಷ್ಟ್ರೀಯ ಸಂಘದ ಅಧಿಕಾರಿಯೊಬ್ಬರು ಸರ್ಕಾರಕ್ಕೆ ಪತ್ರ ಬರೆದು ಒಂದು ಸಲಹೆ ಕೊಟ್ಟರು. ಇನ್ನು ಮಕ್ಕಳು ಬೇಡವೆನ್ನುವ ವಯಸ್ಸಾದ ಕೆಲಸಗಾರರನ್ನು ಈ ಕೆಲಸಕ್ಕೆ ಹಚ್ಚಬಹುದಲ್ಲ, ಕೆಲವರಿಗೆ ಸಂತಾನ ನಿಯಂತ್ರಣದ ಅನುಕೂಲವೂ ಆದೀತು ಎಂಬುದು ಅದರ ತಾತ್ಪರ್ಯ. ಅವರು ಅದನ್ನು ಗಂಭೀರವಾಗಿಯೇ ಬರೆದಿದ್ದರು. ಬೇರೊಬ್ಬರ ದೇಹವನ್ನು ಲೆಕ್ಕದ ಪುಸ್ತಕದಲ್ಲಿ ಜಮಾ-ಖರ್ಚು ಬರೆದಂತೆ ಬರೆಯುವ ಮನಸ್ಸು ಎಷ್ಟು ಸಲೀಸಾಗಿ ಹುಟ್ಟುತ್ತದೆ ಎಂಬುದಕ್ಕೆ ಆ ಪತ್ರ ಸಾಕ್ಷಿ.

ಮದ್ದು ಅಮೆರಿಕದಲ್ಲಿ ಹಿಂದೆ ಸರಿದರೂ ಲೋಕದಿಂದ ಹೋಗಲಿಲ್ಲ. ಕೋಸ್ಟಾರಿಕಾ, ಹೊಂಡುರಾಸ್, ನಿಕರಾಗುವಾ, ಫಿಲಿಪ್ಪೀನ್ಸ್ ಮೊದಲಾದ ದೇಶಗಳ ಬಾಳೆ ತೋಟಗಳಿಗೆ ಅದು ಹೋಗುತ್ತಿತ್ತು. ಲೇಥ್ರಾಪ್ ಸುದ್ದಿಯಾದ ಮೇಲೂ ಕೆಲವೆಡೆಗೆ ಹೋಗುತ್ತಲೇ ಇತ್ತು. ಅಲ್ಲಿನ ಕೂಲಿಗಳಿಗೆ ಕಾರ್ಮಿಕ ಸಂಘದ ಬಲವಿರಲಿಲ್ಲ, ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೋಸ್ಟಾರಿಕಾ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಗಂಡಸರು ಸಂತಾನಶಕ್ತಿ ಕಳೆದುಕೊಂಡರು. ಅವರ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಇತ್ತ ಕ್ಯಾಲಿಫೋರ್ನಿಯಾದ ಕಣಿವೆಯಲ್ಲೂ ಕಥೆ ಮುಗಿದಿರಲಿಲ್ಲ, ಬಳಕೆ ನಿಂತ ಮೇಲೆ ಕುಡಿಯುವ ನೀರಿನ ಬಾವಿಗಳಲ್ಲಿ ಅದೇ ಡಿಬಿಸಿಪಿ ಕಾಣಿಸಿಕೊಂಡಿತು.

ಈಗ ಸ್ವಲ್ಪ ಶರೀರದ ಒಳಗೆ ಹೋಗೋಣ. ನಾನು ಶರೀರಕ್ರಿಯಾಶಾಸ್ತ್ರ ಪಾಠ ಹೇಳಿದವನು, ಇಲ್ಲಿ ಒಂದೆರಡು ಮಾತು ಹೆಚ್ಚಾದರೆ ವಿದ್ಯಾರ್ಥಿಗಳು ಸಹಿಸಿಕೊಳ್ಳಬೇಕು. ವೃಷಣಕ್ಕೆ ಎರಡು ಕೆಲಸ. ಒಂದು, ವೀರ್ಯಾಣುಗಳನ್ನು ತಯಾರಿಸುವುದು. ಇನ್ನೊಂದು, ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನನ್ನು ಸುರಿಸುವುದು. ವೀರ್ಯಾಣು ಹುಟ್ಟುವುದು ಕೂದಲೆಳೆಯಂಥ ಸುರುಳಿ ನಾಳಗಳ ಒಳಗೋಡೆಯಲ್ಲಿ. ಅಲ್ಲಿ ಮೂಲಕೋಶಗಳಿವೆ. ಅವು ಒಡೆದು, ಮತ್ತೆ ಒಡೆದು, ಬಾಲ ಮೂಡಿ, ಪೂರ್ಣ ವೀರ್ಯಾಣು ಆಗಲು ಸುಮಾರು 74 ದಿನ ಬೇಕು. ಆಮೇಲೆ ಹೊರದಾರಿಯಲ್ಲಿ ಮಾಗಲು ಇನ್ನೊಂದೆರಡು ವಾರ. ಟೆಸ್ಟೋಸ್ಟೆರಾನ್ ಬರುವುದು ನಾಳಗಳ ನಡುವಿನ ಸಂದಿಯಲ್ಲಿರುವ ಲೇಡಿಗ್ ಕೋಶಗಳಿಂದ. ಎರಡನ್ನೂ ನಿಯಂತ್ರಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳು ಅದರ ಆಜ್ಞೆಗಳು.

ಈ ವ್ಯವಸ್ಥೆ ಗೊತ್ತಿದ್ದರೆ ರಾಸಾಯನಿಕ ಎಲ್ಲಿ ಪೆಟ್ಟು ಕೊಟ್ಟಿದೆ ಎಂಬುದನ್ನು ರಕ್ತ ಪರೀಕ್ಷೆಯಿಂದಲೇ ಒಂದಷ್ಟು ಊಹಿಸಬಹುದು. ಡಿಬಿಸಿಪಿ ಮುಖ್ಯವಾಗಿ ಹೊಡೆದದ್ದು ವೀರ್ಯಾಣುವಾಗಿ ಬೆಳೆಯಬೇಕಾದ ಕೋಶಗಳಿಗೆ. ಆದ್ದರಿಂದಲೇ ಲೇಥ್ರಾಪ್‌ನ ಗಂಡಸರಿಗೆ ಮೀಸೆ ಉದುರಲಿಲ್ಲ, ದನಿ ಬದಲಾಗಲಿಲ್ಲ, ದಾಂಪತ್ಯ ಸುಖಕ್ಕೂ ಕೊರತೆ ಬರಲಿಲ್ಲ. ಹೊರಗೆ ಎಲ್ಲ ಸರಿಯಿದ್ದಂತೆ ಕಂಡಿತು, ಒಳಗೆ ಕಣಜ ಬರಿದಾಗಿತ್ತು. ಸಂತಾನಶಕ್ತಿ ಬೇರೆ, ಗಂಡಸುತನ ಬೇರೆ ಎಂಬುದು ನಮ್ಮ ಜನಕ್ಕೆ ಇನ್ನೂ ಅರ್ಥವಾಗಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಗಂಡಸು ಪರೀಕ್ಷೆಗೆ ಹೆದರುತ್ತಾನೆ.

ಮದ್ದಿನ ಸಹವಾಸ ಬಿಟ್ಟ ಮೇಲೆ ಕೆಲವರಿಗೆ ವೀರ್ಯಾಣು ಮರಳಿ ಬಂತು, ಕೆಲವರಿಗೆ ಬರಲಿಲ್ಲ. ಡಿಬಿಸಿಪಿ ತಯಾರಿಕೆಯಲ್ಲಿದ್ದ ಇಸ್ರೇಲಿನ ಕಾರ್ಮಿಕರನ್ನು ಡಾ. ಪೊಟಾಶ್ನಿಕ್ ಮತ್ತು ಸಂಗಡಿಗರು 17 ವರ್ಷ ಹಿಂಬಾಲಿಸಿ ನೋಡಿದರು. ಮೂಲಕೋಶ ಒಂದಿಷ್ಟಾದರೂ ಉಳಿದಿದ್ದರೆ ನಾಳ ಮತ್ತೆ ಚಿಗುರಬಹುದು, ಮೂಲಕೋಶವೇ ಸತ್ತಿದ್ದರೆ ಚಿಗುರಲು ಏನೂ ಇರುವುದಿಲ್ಲ.

ವಯಸ್ಕ ಗಂಡಸಿನ ಮಾತು ಇಷ್ಟಾಯಿತು. ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಇಟಲಿಯ ಮಿಲಾನ್ ಹತ್ತಿರದ ಸೆವೆಸೋದಲ್ಲಿ 1976ರ ಜುಲೈ 10ರಂದು ಒಂದು ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಎಂಬ ವಿಷ ಊರಿನ ಮೇಲೆ ಹರಡಿತು. ಡಾ. ಪಾವೊಲೊ ಮೊಕರೆಲ್ಲಿ ಆ ಊರಿನವರ ರಕ್ತದ ಮಾದರಿಗಳನ್ನು ಆಗಲೇ ತೆಗೆದು ಜೋಪಾನ ಮಾಡಿಟ್ಟಿದ್ದರು. ಆ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ. ಮೂರು ದಶಕದ ನಂತರ, 2008ರಲ್ಲಿ, ಅವರ ತಂಡ ಪ್ರಕಟಿಸಿದ ಅಧ್ಯಯನ ಹೀಗೆ ಹೇಳಿತು: ಅವಘಡದ ಹೊತ್ತಿಗೆ 1ರಿಂದ 9 ವರ್ಷದೊಳಗಿದ್ದ ಹುಡುಗರು ದೊಡ್ಡವರಾದಾಗ ಅವರ ವೀರ್ಯಾಣು ಸಂಖ್ಯೆ ಮಿಲಿಲೀಟರಿಗೆ 5.36 ಕೋಟಿ, ವಿಷ ತಾಗದ ಅದೇ ವಯಸ್ಸಿನವರದು 7.25 ಕೋಟಿ. ಆಗ 18 ದಾಟಿದ್ದವರಲ್ಲಿ ಏನೂ ವ್ಯತ್ಯಾಸವಿರಲಿಲ್ಲ. 10ರಿಂದ 17 ವರ್ಷದವರಲ್ಲಿ ಸಂಖ್ಯೆ ಹೆಚ್ಚೇ ಇತ್ತು. ಅದೇ ಊರು, ಅದೇ ವಿಷ, ವಯಸ್ಸಿಗೆ ತಕ್ಕಂತೆ ಫಲ ಮಾತ್ರ ಬೇರೆ ಬೇರೆ. ಎಷ್ಟು ವಿಷ ಎಂದು ಕೇಳಿದರೆ ಸಾಲದು, ಯಾವ ವಯಸ್ಸಿನಲ್ಲಿ ಎಂದೂ ಕೇಳಬೇಕು.

ಇನ್ನೂ ಹಿಂದೆ ಹೋದರೆ ಗರ್ಭ. ಗಂಡು ಶಿಶುವಿನ ಜನನಾಂಗ ರೂಪುಗೊಳ್ಳಲು ಬೇಕಾದ ಹಾರ್ಮೋನಿನ ಒತ್ತು ಬೀಳುವುದು ಬಸಿರಿನ ಸುಮಾರು 8ರಿಂದ 14ನೇ ವಾರದ ನಡುವೆ. ಎಷ್ಟೋ ಹೆಂಗಸರಿಗೆ ಬಸಿರು ಖಾತ್ರಿಯಾಗುವುದೇ ಆ ಹೊತ್ತಿಗೆ. ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಥ್ಯಾಲೇಟ್‌ಗಳು ಈ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುವುದು ಇಲಿಗಳಲ್ಲಿ ಸ್ಪಷ್ಟವಾಗಿದೆ. ಅಮೆರಿಕದ ಶಾನಾ ಸ್ವಾನ್ 2005ರಲ್ಲಿ, ತಾಯಿಯ ಮೂತ್ರದಲ್ಲಿ ಥ್ಯಾಲೇಟ್ ಅಂಶ ಹೆಚ್ಚಿದ್ದ ಗಂಡು ಮಕ್ಕಳಲ್ಲೂ ಅದರ ಸುಳಿವು ಸಿಕ್ಕಿತೆಂದು ಬರೆದರು. ಹುಟ್ಟುವಾಗ ವೃಷಣ ಚೀಲಕ್ಕೆ ಇಳಿಯದಿರುವುದು, ಮೂತ್ರದ್ವಾರ ಸ್ಥಳ ತಪ್ಪಿರುವುದು, ಮುಂದೆ ವೀರ್ಯಾಣು ಕೊರತೆ, ವೃಷಣದ ಕ್ಯಾನ್ಸರ್, ಈ ನಾಲ್ಕೂ ಗರ್ಭದಲ್ಲೇ ಬಿದ್ದ ಒಂದೇ ಪೆಟ್ಟಿನ ನಾಲ್ಕು ಮುಖಗಳಾಗಿರಬಹುದು ಎಂಬುದು ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್ 2001ರಲ್ಲಿ ಮುಂದಿಟ್ಟ ವಿಚಾರ. ಅದರ ಮೇಲಿನ ವಾದ ಇನ್ನೂ ನಡೆದಿದೆ, ಅದನ್ನಿಲ್ಲಿ ಬೆಳೆಸುವುದಿಲ್ಲ.

ಈಗ ಪಡ್ರೆಗೆ ಬರುತ್ತೇನೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಅಲ್ಲಿನ ಹುಡುಗರ ಬಗ್ಗೆ.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ ಕನ್ನಡ, ತುಳು, ಮಲಯಾಳ ಎಲ್ಲ ಕಿವಿಗೆ ಬೀಳುವ ಊರು. ಆ ಕಡೆ ಹೋದವರಿಗೆ ನೆಲದ ರಚನೆ ಗೊತ್ತಿರುತ್ತದೆ. ಮೇಲೆ ಮುರಕಲ್ಲಿನ ಗುಡ್ಡ, ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಕೆಳಗೆ ಕಣಿವೆಯಲ್ಲಿ ಅಡಿಕೆ, ತೆಂಗು, ಮನೆ, ಹಟ್ಟಿ, ಶಾಲೆ. ಕುಡಿಯುವ ನೀರು ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಜಿನುಗಿ ಬರುತ್ತದೆ, ಇಲ್ಲವೇ ತೋಡಿನಲ್ಲಿ ಹರಿದು ಬರುತ್ತದೆ. ಗುಡ್ಡದ ನೆತ್ತಿಯ ಮೇಲೆ ಬಿದ್ದದ್ದು ಯಾವುದೇ ಇರಲಿ, ಒಂದು ಮಳೆಗೆ ಕೆಳಗಿನವರ ಹಂಡೆಗೆ ಇಳಿಯುವಂಥ ಭೂಮಿ ಅದು.

ಗೇರು ಚಿಗುರಿಗೂ ಹೂವಿಗೂ ಬೀಳುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ವರ್ಷಕ್ಕೆ ಎರಡು ಮೂರು ಸಲ, ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ಕೊನೆಯವರೆಗೆ. ಸಿಂಪಡಿಸುವ ಮೊದಲು ಬಾವಿಗಳನ್ನು ಮುಚ್ಚಿಕೊಳ್ಳಿ ಎಂದು ಸೂಚನೆ ಕೊಡುತ್ತಿದ್ದರು. ಬಾವಿಯನ್ನೇನೋ ಮುಚ್ಚಬಹುದು, ಹರಿಯುವ ತೋಡನ್ನು ಯಾರು ಮುಚ್ಚುತ್ತಾರೆ? ಸುರಂಗದ ತಲೆಯ ಮೇಲಿನ ಇಡೀ ಗುಡ್ಡವನ್ನು ಯಾವ ತಾಡಪಾಲಿನಿಂದ ಹೊದಿಸುತ್ತಾರೆ? ಕರುಗಳು ವಿಕಾರವಾಗಿ ಹುಟ್ಟುತ್ತಿರುವ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ ಆರಂಭದ ವರ್ಷಗಳಲ್ಲೇ ಬರೆದರು. ವಾಣಿನಗರದಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬಗೆಯ ಕಾಯಿಲೆ ಏಕೆ ಎಂದು ಮನೆ ಮನೆ ಲೆಕ್ಕ ಹಿಡಿದು ಕೇಳತೊಡಗಿದರು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ಚಿತ್ರಗಳನ್ನು ನೀವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೀರಿ. ಚಿತ್ರದಲ್ಲಿ ಸೆರೆಯಾಗದ ಹಾನಿಯೂ ಇತ್ತು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ 2001ರಲ್ಲಿ ಅಲ್ಲಿಗೆ ಬಂತು. ಡಾ. ಹಬೀಬುಲ್ಲಾ ಸೈಯದ್ ಮತ್ತು ಸಂಗಡಿಗರು ಗೇರು ಗುಡ್ಡದ ಬುಡದ ಊರಿನ 10ರಿಂದ 19 ವರ್ಷದ 117 ಶಾಲಾ ಹುಡುಗರನ್ನೂ, ಸಿಂಪಡಣೆಯೇ ಇರದ ಇನ್ನೊಂದೆಡೆಯ 90 ಹುಡುಗರನ್ನೂ ಪರೀಕ್ಷಿಸಿದರು. ಮೈ ಪರೀಕ್ಷೆ, ಹರೆಯದ ಲಕ್ಷಣಗಳು ಯಾವ ಹಂತಕ್ಕೆ ಬಂದಿವೆ ಎಂಬ ಅಂದಾಜು, ರಕ್ತದಲ್ಲಿ ಹಾರ್ಮೋನ್, ರಕ್ತದಲ್ಲಿ ಎಂಡೋಸಲ್ಫಾನ್. ಅಧ್ಯಯನ 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಹೆಲಿಕಾಪ್ಟರ್ ಹಾರಾಟ ನಿಂತು ತಿಂಗಳುಗಳು ಕಳೆದಿದ್ದರೂ ಪಡ್ರೆ ಕಡೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿ ಭಾಗಕ್ಕೆ 7.47 ಭಾಗ ಇತ್ತು. ಇನ್ನೊಂದೆಡೆಯವರಲ್ಲಿ 1.37. ವಯಸ್ಸನ್ನು ಲೆಕ್ಕಕ್ಕೆ ಹಿಡಿದು ಹೋಲಿಸಿದಾಗ, ಸಿಂಪಡಣೆಗೆ ಸಿಕ್ಕಿದ ಹುಡುಗರಲ್ಲಿ ಹರೆಯದ ಬೆಳವಣಿಗೆ ಹಿಂದೆ ಬಿದ್ದಿತ್ತು, ಟೆಸ್ಟೋಸ್ಟೆರಾನ್ ಕಡಿಮೆಯಿತ್ತು, ಎಲ್‌ಎಚ್ ಹೆಚ್ಚಿತ್ತು. ಈ ಕೊನೆಯ ಎರಡನ್ನು ಒಟ್ಟಿಗೆ ಓದಬೇಕು. ಯಜಮಾನ ಕರೆದಾಗ ಆಳು ಓಗೊಡದಿದ್ದರೆ ಯಜಮಾನನ ದನಿ ಏರುತ್ತದಲ್ಲ, ಹಾಗೆ ಪಿಟ್ಯುಟರಿ ಎಲ್‌ಎಚ್ ಎಂಬ ಆಜ್ಞೆಯನ್ನು ಹೆಚ್ಚು ಹೆಚ್ಚು ಕಳಿಸುತ್ತಿದೆ, ವೃಷಣ ಅದಕ್ಕೆ ತಕ್ಕಷ್ಟು ಹಾರ್ಮೋನ್ ಕೊಡುತ್ತಿಲ್ಲ. ಅಂದರೆ ತೊಂದರೆ ಇರುವುದು ಮಿದುಳಿನಲ್ಲಲ್ಲ, ವೃಷಣದಲ್ಲೇ. ಹದಿಮೂರು ಹದಿನಾಲ್ಕರ ಹುಡುಗನಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಜೊತೆಯವರ ದನಿ ಒಡೆದಿದೆ, ತನ್ನದು ಒಡೆದಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ.

ಹುಟ್ಟಿನಿಂದಲೇ ವೃಷಣ ಕೆಳಗಿಳಿಯದಿರುವುದು ಮತ್ತು ಅದಕ್ಕೆ ಸಂಬಂಧಿಸಿದ ಊನಗಳು ಸಿಂಪಡಣೆಯ ಊರಿನಲ್ಲಿ ಶೇ. 5.1, ಇನ್ನೊಂದೆಡೆ ಶೇ. 1.1. ಕೇಳಿದರೆ ಐದು ಪಟ್ಟು ಎನಿಸುತ್ತದೆ. ತಲೆ ಎಣಿಸಿದರೆ 117ರಲ್ಲಿ 6 ಹುಡುಗರು, 90ರಲ್ಲಿ 1. ಇಷ್ಟು ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕವನ್ನು ತಳ್ಳಿಹಾಕಲಾಗದು ಎಂದು ಸಂಶೋಧಕರೇ ಪ್ರಾಮಾಣಿಕವಾಗಿ ಬರೆದರು. ಪರೀಕ್ಷೆಗೆ ಎಲ್ಲ ಹುಡುಗರೂ ಒಪ್ಪಲಿಲ್ಲ, ಮಾದರಿ ಚಿಕ್ಕದಾಯಿತು ಎಂದೂ ಬರೆದರು. ಇದನ್ನೇ ಹಿಡಿದುಕೊಂಡು ಅಧ್ಯಯನದ ವಿರುದ್ಧ ಆಕ್ಷೇಪಗಳು ಬಂದವು. ಒಂದು ಸಣ್ಣ ಅಧ್ಯಯನದಿಂದ ಎಲ್ಲವೂ ಸಿದ್ಧವಾಗುವುದಿಲ್ಲ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಹಾಗೆಂದು ಅದನ್ನು ಕಸದ ಬುಟ್ಟಿಗೆ ಹಾಕುವುದನ್ನು ಒಪ್ಪುವುದಿಲ್ಲ. ಏಕೆಂದರೆ ಇಲ್ಲೂ ಇಲಿಗಳು ಮೊದಲೇ ಹೇಳಿದ್ದವು. ಲಕ್ನೋದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಬೆಳೆಯುವ ವಯಸ್ಸಿನ ಗಂಡು ಇಲಿಗಳಿಗೆ ಎಂಡೋಸಲ್ಫಾನ್ ಕೊಟ್ಟರೆ ವೀರ್ಯಾಣು ತಯಾರಿ ಕುಗ್ಗುತ್ತದೆ ಎಂದು 1990ರ ದಶಕದಲ್ಲೇ ತೋರಿಸಿದ್ದರು. ನಮ್ಮದೇ ದೇಶದ ಸರ್ಕಾರಿ ಪ್ರಯೋಗಾಲಯದಲ್ಲಿ ಆ ಇಲಿಗಳು ಹಾನಿಗೊಂಡ ವರ್ಷಗಳಲ್ಲೇ, ಸರ್ಕಾರಿ ನಿಗಮದ ಹೆಲಿಕಾಪ್ಟರ್ ಪಡ್ರೆಯ ಮೇಲೆ ಹಾರುತ್ತಿತ್ತು. ಈ ಎರಡು ಕಚೇರಿಗಳ ನಡುವೆ ಒಂದು ಕಾಗದವಾದರೂ ಓಡಾಡಿತೋ ಇಲ್ಲವೋ.

ಗಡಿಯ ಈಚೆಗೂ ಇದೇ ನಡೆಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಎಂಡೋಸಲ್ಫಾನ್ ಬಿತ್ತು. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಆ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಅದೇ ನ್ಯಾಯಾಲಯ ಆದೇಶಿಸಿತು. ಪರಿಹಾರದ ಪಟ್ಟಿಗೆ ಹೆಸರು ಸೇರುವುದು ಕಣ್ಣಿಗೆ ಕಾಣುವ ಊನಕ್ಕೆ, ದಾಖಲೆಯಿರುವ ಕಾಯಿಲೆಗೆ. ತಡವಾಗಿ ಬಂದ ಹರೆಯಕ್ಕೆ, ಮಕ್ಕಳಾಗದ ದಾಂಪತ್ಯಕ್ಕೆ ಯಾವ ದಾಖಲೆ ಇರುತ್ತದೆ?

ಸಭಿಕರಲ್ಲಿ ಕೆಲವರು ಇನ್ನೊಂದು ಸುದ್ದಿಯನ್ನು ಓದಿರಬಹುದು: ಲೋಕದ ಗಂಡಸರೆಲ್ಲರ ವೀರ್ಯಾಣು ಸಂಖ್ಯೆ ಅರ್ಧಕ್ಕೆ ಇಳಿದಿದೆ ಎಂಬುದು. 1992ರಲ್ಲಿ ಕೋಪನ್‌ಹೇಗನ್ ತಂಡ 61 ಅಧ್ಯಯನಗಳನ್ನು ಒಟ್ಟುಗೂಡಿಸಿ, 1940ರಲ್ಲಿ ಮಿಲಿಲೀಟರಿಗೆ 11.3 ಕೋಟಿ ಇದ್ದದ್ದು 1990ಕ್ಕೆ 6.6 ಕೋಟಿಗೆ ಇಳಿದಿದೆ ಎಂದಿತು. ಹಗಾಯ್ ಲೆವಿನ್ ಮತ್ತು ಸಂಗಡಿಗರು 2017ರಲ್ಲಿ ಪಾಶ್ಚಾತ್ಯ ದೇಶಗಳ ಬಗ್ಗೆ, ಆಮೇಲೆ ಇತರ ಖಂಡಗಳನ್ನೂ ಸೇರಿಸಿಕೊಂಡು, ಇಂಥದೇ ಇಳಿಕೆಯನ್ನು ವರದಿ ಮಾಡಿದರು. ಇದನ್ನು ಪ್ರಶ್ನಿಸುವ ಸಮರ್ಥ ವಿಜ್ಞಾನಿಗಳೂ ಇದ್ದಾರೆ. ಹಳೆಯ ಕಾಲದ ಎಣಿಕೆಯ ಕ್ರಮ ಬೇರೆ, ಪರೀಕ್ಷೆಗೆ ಬಂದವರು ಯಾರು ಎಂಬುದು ಬೇರೆ ಬೇರೆ, ಧೂಮಪಾನ, ಬೊಜ್ಜು, ಶಾಖ ಇವೆಲ್ಲ ನಡುವೆ ಸೇರಿಕೊಳ್ಳುತ್ತವೆ. ನನ್ನ ನಿಲುವು ಇಷ್ಟು: ರಾಸಾಯನಿಕಗಳ ವಿರುದ್ಧದ ವಾದವನ್ನು ಈ ಜಾಗತಿಕ ಸರಾಸರಿಯ ಮೇಲೆ ಕಟ್ಟಬೇಕಾಗಿಲ್ಲ. ಇಂಥ ವಿಷ, ಇಂಥ ಜನ, ಇಂಥ ಹಾನಿ ಎಂದು ಬೆರಳಿಟ್ಟು ತೋರಿಸಬಹುದಾದ ಪ್ರಕರಣಗಳು ಕೈಯಲ್ಲಿರುವಾಗ, ವಿವಾದದಲ್ಲಿರುವ ಅಂಕಿಯನ್ನು ಮುಂದಿಟ್ಟು ಸೋಲುವುದು ಏಕೆ?

ನಮ್ಮ ಇಂದಿನ ತೋಟಗಳಿಗೆ ಬರೋಣ. ಕೃಷಿ ಔಷಧದ ಅಂಗಡಿಯಲ್ಲಿ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಪೊಟ್ಟಣವನ್ನು ಕೈಗೆ ತೆಗೆದುಕೊಳ್ಳಿ. ದ್ರಾಕ್ಷಿಯಿಂದ ತರಕಾರಿಯವರೆಗೆ, ಬೀಜೋಪಚಾರದಿಂದ ಬೇರು ಅದ್ದುವವರೆಗೆ ಎಲ್ಲದಕ್ಕೂ ನಮ್ಮ ರೈತರ ಕೈಗೆ ಸಲೀಸಾಗಿ ಸಿಗುವ ಪುಡಿ ಅದು. ನಮ್ಮ ಕೀಟನಾಶಕ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಬಣ್ಣದ ಗುರುತು ಇರಬೇಕು. ಕೆಂಪು, ಹಳದಿ, ನೀಲಿ, ಹಸಿರು. ಒಂದೇ ಸಲ ಮೈಗೆ ಹೋದರೆ ಎಷ್ಟು ಪ್ರಮಾಣ ಕೊಲ್ಲುತ್ತದೆ ಎಂಬುದರ ಮೇಲೆ ಆ ಬಣ್ಣ ನಿಂತಿದೆ. ಕಾರ್ಬೆಂಡಜಿಮ್ ಹಾಗೆ ಕೊಲ್ಲುವ ವಿಷವಲ್ಲ, ಆ ಅಳತೆಯಲ್ಲಿ ಅದು ಹಸಿರಿನ ಸಾಲಿಗೆ ಬೀಳುತ್ತದೆ. ರೈತ ಹಸಿರು ಕಂಡು ನಿಶ್ಚಿಂತನಾಗುತ್ತಾನೆ, ಬರಿಗೈಯಲ್ಲೇ ಬಕೆಟ್ಟಿನಲ್ಲಿ ಕಲಸುತ್ತಾನೆ. ಇದೇ ವಸ್ತು ಗಂಡು ಇಲಿಗಳ ವೃಷಣಕ್ಕೆ ಹಾನಿ ಮಾಡುತ್ತದೆ ಎಂಬುದು ವಿಷವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ಮಾತು. ಯುರೋಪಿನ ಒಕ್ಕೂಟ ಇದನ್ನು ಸಂತಾನಶಕ್ತಿಗೆ ಹಾನಿಕರ ವಸ್ತುಗಳ ಸಾಲಿಗೆ ಸೇರಿಸಿದೆ, ಬೆಳೆಗೆ ಬಳಸಲು ಅಲ್ಲಿ ಅನುಮತಿಯಿಲ್ಲ. ನಮ್ಮ ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿದಾಗ ಅದರಲ್ಲಿ ಕಾರ್ಬೆಂಡಜಿಮ್ ಇತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಕೆಲವೇ ಹೆಸರುಗಳು ಉಳಿದಿದ್ದವು. ಅವುಗಳಲ್ಲಿ ಇದು ಇರಲಿಲ್ಲ.

ಆ ಪುಟ್ಟ ಹಸಿರು ಗುರುತು ನನ್ನನ್ನು ಬಹಳ ಕಾಡುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ಅರ್ಧ ಮಾತ್ರ ಹೇಳುತ್ತಿದೆ. ಇವತ್ತು ಸಾಯುತ್ತೀಯೋ ಇಲ್ಲವೋ ಎಂದು ಹೇಳುತ್ತದೆ, ನಿನ್ನ ಮನೆಯಲ್ಲಿ ತೊಟ್ಟಿಲು ಕಟ್ಟುವುದಕ್ಕೆ ಅಡ್ಡಿಯಾದೀತೋ ಎಂಬುದನ್ನು ಹೇಳುವುದಿಲ್ಲ. ಸಂತಾನಕ್ಕೆ ಅಪಾಯವಿರುವ ಮದ್ದಿಗೆ ಬೇರೆಯೇ ಗುರುತು ಬೇಕು, ಅದು ಕನ್ನಡದಲ್ಲಿ, ಓದಲು ಬಾರದವರಿಗೂ ತಿಳಿಯುವ ಚಿತ್ರದಲ್ಲಿ ಇರಬೇಕು.

ಇನ್ನು ಮನೆಯೊಳಗಿನ ಮಾತು. ಮದುವೆಯಾಗಿ ಎರಡು ಮೂರು ವರ್ಷ ಮಕ್ಕಳಾಗದಿದ್ದರೆ ನಮ್ಮಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಸೊಸೆಯನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುತ್ತಾರೆ. ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪ ಸಂಸ್ಕಾರ ಮಾಡಿಸುತ್ತಾರೆ, ಹರಕೆ ಹೊರುತ್ತಾರೆ. ದೇವರ ಸೇವೆಯ ಬಗ್ಗೆ ನನ್ನ ತಕರಾರಿಲ್ಲ. ಸೀಮಂತಕ್ಕೆ ಕರೆಯದೆ, ಅರಿಶಿನ ಕುಂಕುಮಕ್ಕೆ ಕರೆಯದೆ ಆ ಹೆಣ್ಣುಮಗಳನ್ನು ಹಿಂಸಿಸುವುದರ ಬಗ್ಗೆ ಇದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣ ಪೂರ್ತಿಯಾಗಿಯೋ ಪಾಲಾಗಿಯೋ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಹೆಣ್ಣಿನ ಪರೀಕ್ಷೆಗಳಿಗಿಂತ ತೀರ ಕಡಿಮೆ. ಆದರೂ ಹೆಣ್ಣಿನ ಹತ್ತು ಪರೀಕ್ಷೆ ಮುಗಿದ ಮೇಲೆ ಗಂಡಿನ ಒಂದು ಪರೀಕ್ಷೆಯ ಸರದಿ ಬರುತ್ತದೆ.

ಆ ಪರೀಕ್ಷೆ ಮಾಡಿಸಿದಾಗಲೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ನೀನು ಏನು ಕೆಲಸ ಮಾಡುತ್ತೀಯಪ್ಪ? ಯಾವ ಮದ್ದು ಬಿಡುತ್ತೀಯ, ಮೈಮೇಲೆ ಏನು ಹಾಕಿಕೊಂಡು ಬಿಡುತ್ತೀಯ? ಹಳೆ ಬ್ಯಾಟರಿ ಕರಗಿಸುವ ಕಡೆ ಇದ್ದೆಯಾ? ಬೆಸುಗೆ, ಪೇಂಟು, ದ್ರಾವಕಗಳ ನಡುವೆ ಇದ್ದೆಯಾ? ಸೀಸ ರಕ್ತದಲ್ಲಿ ಹೆಚ್ಚಿರುವ ಕಾರ್ಮಿಕರಲ್ಲಿ ವೀರ್ಯಾಣು ಕುಗ್ಗುವುದು ಹಳೆಯ ಸಂಗತಿ. ಇಲ್ಲಿ ಕುಳಿತಿರುವ ವೈದ್ಯ ಮಿತ್ರರಲ್ಲಿ ನನ್ನ ಬೇಡಿಕೆ: ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಕೆಳಗೆ ಕಸುಬು ಎಂದು ಒಂದು ಸಾಲು ಬರೆಯಿರಿ. ಬರೀ ರೈತ, ಕೂಲಿ ಎಂದು ಬರೆದು ಬಿಡಬೇಡಿ. ಯಾವ ಬೆಳೆ, ಯಾವ ಮದ್ದು, ವರ್ಷಕ್ಕೆ ಎಷ್ಟು ಸಲ ಎಂದು ಬರೆಯಿರಿ. ಎಣಿಕೆ ಕಡಿಮೆ ಬಂದರೆ ಮದ್ದಿನ ಕೆಲಸ ಬಿಡಿಸಿ, ಮೂರು ತಿಂಗಳು ಕಳೆದ ಮೇಲೆ ಮತ್ತೆ ಪರೀಕ್ಷಿಸಿ. ಒಂದು ಸುತ್ತು ವೀರ್ಯಾಣು ತಯಾರಾಗಲು ಅಷ್ಟು ದಿನ ಬೇಕೆಂದು ಆಗಲೇ ಹೇಳಿದೆ.

2001ರಲ್ಲಿ ಪರೀಕ್ಷೆಗೆ ಒಪ್ಪಿದ ಪಡ್ರೆಯ ಆ ಹುಡುಗರು ಈಗ ಗೃಹಸ್ಥರಾಗುವ ವಯಸ್ಸು ದಾಟಿದ ಗಂಡಸರು. ಅವರನ್ನು ಆಯುಷ್ಯದಲ್ಲಿ ಒಂದು ಸಲ ಅಳೆದು ಬಿಟ್ಟರೆ ಆಗದು. ಅವರ ಹಾರ್ಮೋನ್, ಅವರ ವೀರ್ಯಾಣು, ಅವರಿಗೆ ಹುಟ್ಟಿದ ಮಕ್ಕಳ ಆರೋಗ್ಯ, ಇವೆಲ್ಲವನ್ನೂ ಅವರ ಒಪ್ಪಿಗೆ ಪಡೆದು, ಹೆಸರು ಗುಟ್ಟಾಗಿಟ್ಟು, ಕೆಲವು ವರ್ಷಕ್ಕೊಮ್ಮೆ ನೋಡುತ್ತಾ ಹೋಗಬೇಕು. ಕೊಕ್ಕಡ, ಪಟ್ರಮೆ, ನಿಡ್ಲೆಯ ಅದೇ ತಲೆಮಾರಿನವರನ್ನೂ ಸೇರಿಸಿಕೊಳ್ಳಬೇಕು. ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಕೂಡಿ ಮಾಡಬೇಕಾದ ಕೆಲಸ ಇದು, ಮಂಗಳೂರು, ಕಾಸರಗೋಡಿನ ವೈದ್ಯಕೀಯ ಕಾಲೇಜುಗಳ ಹುಡುಗ ಹುಡುಗಿಯರು ಕೈ ಹಾಕಿದರೆ ಆಗದ ಕೆಲಸವೇನೂ ಅಲ್ಲ. ಸಂತ್ರಸ್ತರ ಪಟ್ಟಿ ಪರಿಷ್ಕರಿಸಲು ಅಧಿಕಾರಿಗಳು ಮುಂದಿನ ಸಲ ಕೂತಾಗ, ಊನದ ಪ್ರಮಾಣ ಬರೆಯುವ ಕಾಲಮ್ಮಿನ ಪಕ್ಕದಲ್ಲಿ ಇದಕ್ಕೂ ಒಂದು ಕಾಲಮ್ಮು ಇರಲಿ. ಅದನ್ನು ತುಂಬುವಾಗ ಗಂಡನನ್ನು ಪ್ರತ್ಯೇಕವಾಗಿ, ಗಂಡಸು ಆರೋಗ್ಯ ಕಾರ್ಯಕರ್ತರಿಂದ, ಅವನ ಮನೆಯ ಭಾಷೆಯಲ್ಲಿ ಕೇಳಿಸಲಿ.